ಕಣ್ಣೊಳಗಿನ ಸೂಜಿ, ದಾದಿಯ ಕೈ

ಕಣ್ಣುಗುಡ್ಡೆಯೊಳಗೆ ತುಂಬಿರುವ ಗಾಜಿನಂಥ ತಿಳಿ ಲೋಳೆಗೆ ಸಣ್ಣ ಸೂಜಿಯಿಂದ ನೇರವಾಗಿ ಔಷಧ ಹಾಕುವ ಚಿಕಿತ್ಸೆ ಇಪ್ಪತ್ತು ವರ್ಷದ ಹಿಂದೆ ಅಪರೂಪವಾಗಿತ್ತು. ಇಂದು ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲ ಬಾತವರಿಗೆ, ವಯಸ್ಸಾದಂತೆ ಅಕ್ಷಿಪಟಲದ ನಡುಭಾಗ ಸವೆದು ಅದರಡಿ ಹೊಸ ರಕ್ತನಾಳ ಮೂಡಿದವರಿಗೆ, ಅಕ್ಷಿಪಟಲದ ರಕ್ತನಾಳ ಕಟ್ಟಿಕೊಂಡು ಊತ ಬಂದವರಿಗೆ ಅದೇ ಮುಖ್ಯ ಚಿಕಿತ್ಸೆ. ಭಾರತದಲ್ಲಿ ಈ ಸೂಜಿಯನ್ನು ಕಣ್ಣಿನ ವೈದ್ಯರೇ ಹಾಕುತ್ತಾರೆ. ಬ್ರಿಟನ್, ಡೆನ್ಮಾರ್ಕ್, ನಾರ್ವೆಗಳಲ್ಲಿ ತರಬೇತಾದ ದಾದಿಯರೂ ಹಾಕುತ್ತಾರೆ. ಉತ್ತರ ಕರ್ನಾಟಕದ ಬೀಳಗಿ, ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ತಾಲ್ಲೂಕುಗಳ ಕಡೆಯ ರೋಗಿಗಳಿಗೆ ಈ ಕೆಲಸ ದಾದಿಯರ ಕೈಗೆ ಬಂದರೆ ಒಳಿತೇ, ಬರುವುದಾದರೆ ಯಾವ ಕಟ್ಟುಪಾಡಿನಲ್ಲಿ ಬರಬೇಕು ಎಂಬ ಪ್ರಶ್ನೆಯನ್ನು ಈಗಲೇ ಎತ್ತಿಕೊಳ್ಳಲು ಕಾರಣಗಳಿವೆ.

ಮೊದಲ ಕಾರಣ ರೋಗದ ಪ್ರಮಾಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಮಂದಿಗೆ ಸಕ್ಕರೆ ಕಾಯಿಲೆಯಿದೆ. ನಲವತ್ತು ದಾಟಿದ ಮಧುಮೇಹಿಗಳ ಕಣ್ಣು ಪರೀಕ್ಷಿಸಿದ ಸ್ಮಾರ್ಟ್ ಇಂಡಿಯಾ ಅಧ್ಯಯನ, ಅವರಲ್ಲಿ ಶೇ 12.5ರಷ್ಟು ಜನರ ಅಕ್ಷಿಪಟಲಕ್ಕೆ ಹಾನಿ ತಟ್ಟಿದೆ, ಶೇ 4ರಷ್ಟು ಜನರ ದೃಷ್ಟಿಗೇ ಅಪಾಯವಿದೆ ಎಂದು 2022ರಲ್ಲಿ ವರದಿ ಮಾಡಿತು. ನೂರರಲ್ಲಿ ನಾಲ್ಕು ಎಂದರೆ ಸಣ್ಣ ಸಂಖ್ಯೆಯಂತೆ ಕೇಳಿಸುತ್ತದೆ. ಕೋಟಿಗಳ ಲೆಕ್ಕದಲ್ಲಿ ಅದು ಲಕ್ಷಗಟ್ಟಲೆ ಕಣ್ಣು.

ಹಾನಿಯ ಬಗೆಯನ್ನು ರಬಕವಿ-ಬನಹಟ್ಟಿಯ ನೇಕಾರರ ಕೆಲಸದಲ್ಲಿಟ್ಟು ನೋಡಿದರೆ ಬೇಗ ತಿಳಿಯುತ್ತದೆ. ಮಗ್ಗದಲ್ಲಿ ಎಳೆ ಕಡಿದರೆ ಅದನ್ನು ಹುಡುಕಿ ಗಂಟು ಹಾಕಬೇಕು. ಅಕ್ಷಿಪಟಲದ ನಟ್ಟನಡುವಿನ, ಸೂಕ್ಷ್ಮ ನೋಟಕ್ಕೆಂದೇ ಇರುವ ಭಾಗದಲ್ಲಿ ನೀರು ತುಂಬಿ ಊತ ಬಂದವನಿಗೆ ಬಾಗಿಲು, ಗೋಡೆ, ಬೀದಿ ಎಲ್ಲ ಕಾಣುತ್ತವೆ, ಕಡಿದ ಎಳೆ ಮಾತ್ರ ಕಾಣುವುದಿಲ್ಲ. ಸರಳ ಗೆರೆಗಳು ಸೊಟ್ಟಗಾಗುತ್ತವೆ. ಕನ್ನಡಕ ಬದಲಿಸಿದರೂ ನೋಟ ನೇರಾಗುವುದಿಲ್ಲ. ನಡೆದಾಡಲು ತೊಂದರೆ ಇಲ್ಲದ್ದರಿಂದ ಮನೆಯವರು ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಸುಮ್ಮನಾಗುತ್ತಾರೆ. ಅಷ್ಟರಲ್ಲಿ ತಿಂಗಳುಗಳು ಸರಿದುಹೋಗಿರುತ್ತವೆ.

ಊತಕ್ಕೆ ಕಾರಣ ರಕ್ತನಾಳಗಳ ಸೋರಿಕೆ. ಆಮ್ಲಜನಕ ಸಾಲದ ಅಕ್ಷಿಪಟಲ ಹೊಸ ರಕ್ತನಾಳ ಬೆಳೆಸುವ ಪ್ರೋಟೀನೊಂದನ್ನು ಹೆಚ್ಚಾಗಿ ಸುರಿಸುತ್ತದೆ. ಅದರ ಪ್ರಭಾವದಿಂದ ಇರುವ ನಾಳಗಳು ಸೋರುತ್ತವೆ, ಹೊಸವು ದುರ್ಬಲವಾಗಿ ಹುಟ್ಟಿ ಒಡೆಯುತ್ತವೆ. ಈ ಪ್ರೋಟೀನನ್ನು ಕಟ್ಟಿಹಾಕುವ ಬೆವಾಸಿಜುಮಾಬ್ ಎಂಬ ಔಷಧಕ್ಕೆ 2004ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು ದೊಡ್ಡಕರುಳಿನ ಕ್ಯಾನ್ಸರಿಗೆ. ಮರುವರ್ಷವೇ ವೈದ್ಯರು ಅದರ ಒಂದು ಹನಿಯಷ್ಟನ್ನು ಕಣ್ಣಿಗೆ ಹಾಕಿ ನೋಡಿದರು. 2006ರಲ್ಲಿ ಕಣ್ಣಿಗೆಂದೇ ತಯಾರಾದ ರಾನಿಬಿಜುಮಾಬ್, 2011ರಲ್ಲಿ ಅಫ್ಲಿಬರ್ಸೆಪ್ಟ್ ಬಂದವು. ಬೆಲೆಯಲ್ಲಿ ಬೆವಾಸಿಜುಮಾಬ್ ಉಳಿದೆರಡಕ್ಕಿಂತ ಬಹಳ ಅಗ್ಗ. ವಯಸ್ಸಿನಿಂದ ಬರುವ ರೋಗದಲ್ಲಿ ಅದು ರಾನಿಬಿಜುಮಾಬಿನಷ್ಟೇ ಕೆಲಸ ಮಾಡುತ್ತದೆಂದು 2011ರ ಅಮೆರಿಕನ್ ಪ್ರಯೋಗವೊಂದು ತೋರಿಸಿಕೊಟ್ಟಿತು. ರಾನಿಬಿಜುಮಾಬಿನ ಅಗ್ಗದ ದೇಶೀ ರೂಪ 2015ರಿಂದ ಭಾರತದಲ್ಲಿ ಸಿಗುತ್ತಿದೆ. ಅಂದರೆ ಔಷಧದ ಬೆಲೆಯೊಂದೇ ಈಗ ಅಡ್ಡಿಯಲ್ಲ.

ಸೂಜಿ ಹಾಕುವ ಕ್ರಮ ಇದು. ರೋಗಿಯನ್ನು ಅಂಗಾತ ಮಲಗಿಸಿ ಮರಗಟ್ಟಿಸುವ ಹನಿ ಹಾಕುತ್ತಾರೆ. ರೆಪ್ಪೆ, ರೆಪ್ಪೆಗೂದಲು, ಸುತ್ತಲ ಚರ್ಮವನ್ನು ಕಂದು ಬಣ್ಣದ ಪೊವಿಡೋನ್ ಅಯೋಡಿನ್‌ನಿಂದ ಒರೆಸುತ್ತಾರೆ. ಅದೇ ಔಷಧದ ಶೇ 5ರ ದ್ರಾವಣವನ್ನು ಕಣ್ಣೊಳಗೂ ಬಿಟ್ಟು ಕೆಲ ಹೊತ್ತು ಕಾಯುತ್ತಾರೆ. ಸೋಂಕು ತಡೆಯುವುದರಲ್ಲಿ ಇಡೀ ಕ್ರಮದ ಅತಿ ಮುಖ್ಯ ಹೆಜ್ಜೆ ಇದೇ, ಅವಸರ ಮಾಡಿದರೆ ಕೆಡುವುದೂ ಇಲ್ಲೇ. ತಂತಿಯ ಸಣ್ಣ ಉಪಕರಣವೊಂದು ರೆಪ್ಪೆಗಳನ್ನು ಅಗಲಿಸಿ ಹಿಡಿಯುತ್ತದೆ. ಕರಿಗುಡ್ಡೆಯ ಅಂಚಿನಿಂದ 3.5ರಿಂದ 4 ಮಿಲಿಮೀಟರ್ ದೂರವನ್ನು ಅಳತೆಕಡ್ಡಿಯಿಂದ ಗುರುತು ಮಾಡುತ್ತಾರೆ. ಇನ್ನೂ ಮುಂದೆ ಚುಚ್ಚಿದರೆ ಕಣ್ಣಿನ ಮಸೂರಕ್ಕೆ ತಾಗುತ್ತದೆ, ಹಿಂದೆ ಚುಚ್ಚಿದರೆ ಅಕ್ಷಿಪಟಲಕ್ಕೆ. ಕೂದಲೆಳೆಯಂಥ 30 ಗೇಜಿನ ಸೂಜಿ ಕಣ್ಣುಗುಡ್ಡೆಯ ನಡುವಿನತ್ತ ಮುಖಮಾಡಿ ಒಳಹೋಗುತ್ತದೆ. ಒಳಸೇರುವ ಔಷಧ 0.05 ಮಿಲಿಲೀಟರ್. ಸೂಜಿ ತೆಗೆದ ಜಾಗಕ್ಕೆ ಹತ್ತಿಕಡ್ಡಿ ಒತ್ತಿ ಹಿಡಿದು, ರೋಗಿಯ ಮುಂದೆ ಬೆರಳು ತೋರಿಸಿ ಎಷ್ಟು ಎಂದು ಕೇಳುತ್ತಾರೆ. ಎಣಿಸಲು ಬಂದರೆ ಕಣ್ಣಿನೊಳಗಿನ ಒತ್ತಡ ರಕ್ತ ಹರಿಯದಷ್ಟು ಏರಿಲ್ಲವೆಂದು ತಿಳಿಯುತ್ತದೆ. ಚುಚ್ಚುವ ಗಳಿಗೆ ಒಂದೆರಡು ಸೆಕೆಂಡು, ಒಟ್ಟು ಕೆಲಸ ಹತ್ತು ಹದಿನೈದು ನಿಮಿಷ.

ಈ ಹೆಜ್ಜೆಗಳಲ್ಲಿ ಹೆಚ್ಚಿನವು ಈಗಲೂ ದಾದಿಯರ ಕೈಯಲ್ಲೇ ನಡೆಯುತ್ತವೆ. ಹನಿ ಹಾಕುವವರು, ಒರೆಸುವವರು, ಟ್ರೇ ಸಜ್ಜು ಮಾಡುವವರು, ಯಾವ ಕಣ್ಣು ಎಂದು ಹಣೆಯ ಮೇಲಿನ ಗುರುತು ನೋಡಿ ಖಚಿತ ಮಾಡಿಕೊಳ್ಳುವವರು, ನಡುಗುವ ಮುದುಕನ ಕೈ ಹಿಡಿದು ‘ಅಜ್ಜಾ, ಅಳ್ಳಾಡಬ್ಯಾಡ್ರಿ, ಆತು, ಈಗ ಆತು’ ಎನ್ನುವವರು ಅವರೇ. ವೈದ್ಯರ ಪಾಲಿಗೆ ಉಳಿದಿರುವುದು ಅಳತೆ ಮತ್ತು ಆ ಒಂದೆರಡು ಸೆಕೆಂಡು. ಚರ್ಚೆ ನಡೆಯಬೇಕಾದದ್ದು ಇಷ್ಟರ ಮೇಲೆ.

ಕಷ್ಟವಿರುವುದು ಚುಚ್ಚುವ ಕೌಶಲದಲ್ಲಿ ಅಲ್ಲ, ಎಷ್ಟು ಸಲ ಚುಚ್ಚಬೇಕು ಎಂಬುದರಲ್ಲಿ. ಔಷಧದ ಪರಿಣಾಮ ನಾಲ್ಕಾರು ವಾರದಲ್ಲಿ ಇಳಿಯುತ್ತದೆ. ಸಕ್ಕರೆ ಕಾಯಿಲೆಯ ಊತಕ್ಕೆ ಮೂರೂ ಔಷಧಗಳನ್ನು ಹೋಲಿಸಿ 2015ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಮೊದಲ ವರ್ಷವೊಂದರಲ್ಲೇ ರೋಗಿಗಳಿಗೆ ಒಂಬತ್ತು ಹತ್ತು ಸೂಜಿ ಬೇಕಾದವು. ಈ ಲೆಕ್ಕವನ್ನು ಬೀಳಗಿ ತಾಲ್ಲೂಕಿನ ಒಂದು ಹಳ್ಳಿಗೆ ತಂದು ನೋಡಬೇಕು. ಅಕ್ಷಿಪಟಲದ ತಜ್ಞರು ಹೆಚ್ಚಾಗಿ ಇರುವುದು ಹುಬ್ಬಳ್ಳಿ, ಬೆಳಗಾವಿ, ವಿಜಯಪುರದಂಥ ದೊಡ್ಡ ಊರುಗಳಲ್ಲಿ. ಮುದುಕನೊಬ್ಬ ಒಬ್ಬನೇ ಹೋಗಲಾರ. ಕಣ್ಣು ಮಂಜಾಗಿ, ಪಟ್ಟಿ ಕಟ್ಟಿಸಿಕೊಂಡು ಮರಳಬೇಕಾದ್ದರಿಂದ ಮಗನೋ ಸೊಸೆಯೋ ಜೊತೆಗಿರಬೇಕು. ನಸುಕಿಗೆ ಬೀಳಗಿ ಕ್ರಾಸಿನಲ್ಲಿ ಬಸ್ಸು ಹಿಡಿದವರು ಮನೆ ಸೇರುವಾಗ ರಾತ್ರಿ. ಇಬ್ಬರ ಒಂದು ದಿನದ ದುಡಿಮೆ ಹೋಯಿತು. ಹತ್ತು ಸಲಕ್ಕೆ ಇಪ್ಪತ್ತು ದಿನದ ದುಡಿಮೆ. ಸಕ್ಕರೆ ಕಾರ್ಖಾನೆಗಳು ಚಾಲೂ ಆಗಿ ಕಬ್ಬಿಗೆ ಕಟಾವು ಸಿಕ್ಕಿದ ದಿನಗಳಲ್ಲಿ ರೈತನ ಮನೆಯಿಂದ ಯಾರೂ ಹೊರಡಲಾರರು. ಹೀಗೆ ಮೂರನೆಯ ಸೂಜಿಯೋ ನಾಲ್ಕನೆಯದೋ ತಪ್ಪುತ್ತದೆ, ಆಮೇಲೆ ಹೋಗುವುದೇ ನಿಲ್ಲುತ್ತದೆ. ಅರ್ಧಕ್ಕೆ ಬಿಟ್ಟ ಚಿಕಿತ್ಸೆಯಲ್ಲಿ ಖರ್ಚಾದ ಹಣವೂ ಹೋಯಿತು, ಕಣ್ಣೂ ಉಳಿಯಲಿಲ್ಲ.

ದೂರದ ಜನಕ್ಕೆ ಕಣ್ಣಿನ ಚಿಕಿತ್ಸೆ ತಲುಪಿಸುವ ಮಾತು ಬಂದಾಗ ಬೀಳಗಿಯ ಹೆಸರು ಇನ್ನೊಂದು ಕಾರಣಕ್ಕೂ ಬರಬೇಕು. ಸಾಮೂಹಿಕ ನೇತ್ರ ಶಸ್ತ್ರಚಿಕಿತ್ಸೆಯ ಹರಿಕಾರ ಡಾ. ಮುರಿಗೆಪ್ಪ ಚನ್ನವೀರಪ್ಪ ಮೋದಿ 1916ರಲ್ಲಿ ಹುಟ್ಟಿದ್ದು ಇದೇ ಬೀಳಗಿಯಲ್ಲಿ. 1943ರಿಂದ ಊರೂರಿಗೆ ಶಿಬಿರ ಒಯ್ದು ಪೊರೆ ತೆಗೆದ ಅವರಿಗೆ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂದವು. ಒಂದೇ ದಿನದಲ್ಲಿ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ್ದು, 1993ರ ಫೆಬ್ರುವರಿವರೆಗೆ ಒಟ್ಟು ಆರು ಲಕ್ಷಕ್ಕೂ ಮಿಕ್ಕಿ ಶಸ್ತ್ರಚಿಕಿತ್ಸೆ ನಡೆಸಿದ್ದು ಗಿನ್ನೆಸ್ ಪುಸ್ತಕದಲ್ಲಿ ದಾಖಲಾಗಿದೆ. ಒಬ್ಬ ಮನುಷ್ಯನ ದಿನದಲ್ಲಿ 833 ಕಣ್ಣುಗಳು ಹಿಡಿಸುವುದು ಕೆಲಸವನ್ನು ಹಂಚಿದಾಗ ಮಾತ್ರ ಸಾಧ್ಯ. ರೋಗಿಯನ್ನು ಸಜ್ಜು ಮಾಡುವುದು, ಮೇಜಿಗೆ ತರುವುದು, ಪಟ್ಟಿ ಕಟ್ಟುವುದು, ಮುಂದಿನವರನ್ನು ಮಲಗಿಸುವುದು ಬೇರೆಯವರ ಪಾಲಾದರೆ ಶಸ್ತ್ರಕಾರನ ಕೈ ಶಸ್ತ್ರದ ಮೇಲೆಯೇ ಇರುತ್ತದೆ. ವೈದ್ಯರ ಕೆಲಸ ಯಾವುದು, ವೈದ್ಯರ ಸುತ್ತಲಿನವರ ಕೆಲಸ ಯಾವುದು ಎಂಬ ಗೆರೆಯನ್ನು ಅಗತ್ಯಕ್ಕೆ ತಕ್ಕಂತೆ ಎಳೆದುಕೊಳ್ಳಬಹುದು ಎಂಬುದಕ್ಕೆ ಅವರ ಬದುಕಿಗಿಂತ ಹತ್ತಿರದ ಉದಾಹರಣೆ ಈ ಸೀಮೆಗೆ ಬೇಕಿಲ್ಲ.

ಆದರೆ ಅವರ ಶಿಬಿರದ ಮಾದರಿಯನ್ನು ಹಾಗೆಯೇ ಎತ್ತಿ ಸೂಜಿಗೆ ಹಚ್ಚಲಾಗದು. ಪೊರೆ ಒಂದು ಕಣ್ಣಿಗೆ ಒಮ್ಮೆ ತೆಗೆದರೆ ಮುಗಿಯಿತು. ಶಿಬಿರ ಬಂದು ಹೋದರೂ ನಡೆಯುತ್ತದೆ. ಸೂಜಿಯ ಚಿಕಿತ್ಸೆ ತಿಂಗಳು ತಿಂಗಳು ನಡೆಯುವಂಥದು, ಅದಕ್ಕೆ ಖಾಯಂ ಜಾಗ ಬೇಕು, ಖಾಯಂ ಜನ ಬೇಕು. ಶಾಲೆ, ಛತ್ರಗಳಲ್ಲಿ ನಡೆಯುತ್ತಿದ್ದ ಶಸ್ತ್ರಚಿಕಿತ್ಸೆಯನ್ನು ಸೋಂಕಿನ ಭಯದಿಂದ ಕೈಬಿಟ್ಟು, ಶಿಬಿರದಲ್ಲಿ ತಪಾಸಣೆ ಮಾತ್ರ ಮಾಡಿ ರೋಗಿಗಳನ್ನು ಆಸ್ಪತ್ರೆಗೆ ಕರೆದೊಯ್ಯುವ ಪದ್ಧತಿ ಈಗ ದೇಶದಲ್ಲೆಲ್ಲ ನೆಲೆಯೂರಿದೆ. ಅದು ಸರಿಯಾದ ನಡೆಯೇ. ತಾಲ್ಲೂಕು ಮಟ್ಟದಲ್ಲಿ ಖಾಯಂ ಆಗಿ ಇರುವವರು ಯಾರು ಎಂದು ಹುಡುಕಿದರೆ ಕಾಣುವವರು ದಾದಿಯರು.

ದಾದಿಯರ ಕೈ ಈ ಕೆಲಸಕ್ಕೆ ಸಾಕೇ ಎಂಬ ಪ್ರಶ್ನೆಗೆ ಹೊರದೇಶಗಳಲ್ಲಿ ಉತ್ತರ ಸಿಕ್ಕಾಗಿದೆ. ಬ್ರಿಟನ್ನಿನ ಕಣ್ಣಿನ ವೈದ್ಯರ ರಾಯಲ್ ಕಾಲೇಜು, ಸೂಜಿ ಹಾಕುವುದು ವೈದ್ಯರದೇ ಕೆಲಸ ಎಂಬ ತನ್ನ ಹಿಂದಿನ ನಿಲುವನ್ನು 2013ರಲ್ಲಿ ಸಡಿಲಿಸಿ ತರಬೇತಾದ ದಾದಿಯರಿಗೂ ದಾರಿ ಬಿಟ್ಟಿತು. ಬದಲಾವಣೆಗೆ ಕಾರಣ ಸಿದ್ಧಾಂತವಲ್ಲ, ಸರದಿ. ರೋಗಿಗಳು ಹೆಚ್ಚಿದರು, ಸೂಜಿಗಳು ತಡವಾದವು, ತಡವಾದಷ್ಟೂ ಕಣ್ಣು ಹೋಯಿತು. ಎಕ್ಸೆಟರ್ ನಗರದಲ್ಲಿ ದಾದಿಯರು ಹಾಕಿದ ಮೊದಲ ಹತ್ತು ಸಾವಿರ ಸೂಜಿಗಳ ಲೆಕ್ಕ 2014ರಲ್ಲಿ ಪ್ರಕಟವಾಯಿತು. ಕಣ್ಣೊಳಗೆ ಸೋಂಕಾದ ಪ್ರಮಾಣ ಶೇ 0.04, ಅಂದರೆ ಹತ್ತು ಸಾವಿರಕ್ಕೆ ನಾಲ್ಕು. ವೈದ್ಯರು ಹಾಕಿದ ಸೂಜಿಗಳಲ್ಲಿ ಲೋಕದೆಲ್ಲೆಡೆ ಕಂಡಿರುವ ಪ್ರಮಾಣವೂ ಇದರ ಆಸುಪಾಸಿನದೇ. ಇನ್ನೂ ಗಟ್ಟಿಯಾದ ಸಾಕ್ಷ್ಯ ನಾರ್ವೆಯ ಟ್ರೋಂಡ್ಹೈಮ್ ನಗರದ್ದು. ಅಲ್ಲಿ 342 ಕಣ್ಣುಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿ ಹಂಚಿ, ಒಂದಕ್ಕೆ ವೈದ್ಯರು ಇನ್ನೊಂದಕ್ಕೆ ದಾದಿಯರು ಒಂದು ವರ್ಷ ಸೂಜಿ ಹಾಕಿದರು. ವರ್ಷದ ಕೊನೆಗೆ ದಾದಿಯರ ಗುಂಪಿನ ದೃಷ್ಟಿ ವೈದ್ಯರ ಗುಂಪಿನದಕ್ಕಿಂತ ಕಡಿಮೆಯೇನೂ ಇರಲಿಲ್ಲ, ಖರ್ಚು ಮಾತ್ರ ಇಳಿದಿತ್ತು. ದೃಷ್ಟಿಯ ಫಲಿತಾಂಶ 2020ರಲ್ಲಿ ಪ್ರಕಟವಾಯಿತು.

ಆ ದೇಶಗಳ ಆಸ್ಪತ್ರೆ ಬೇರೆ, ಇಲ್ಲಿಯದು ಬೇರೆ ಎಂಬ ಮಾತನ್ನು ತಳ್ಳಿಹಾಕುವಂತಿಲ್ಲ. ಆದ್ದರಿಂದ ಕರ್ನಾಟಕದಲ್ಲೇ ನಡೆದಿರುವುದನ್ನು ನೋಡಬೇಕು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ಅಕ್ಷಿಪಟಲದ ರೋಗವೊಂದು ಬರುತ್ತದೆ, ಸಕಾಲಕ್ಕೆ ಗುರುತಿಸಿ ಚಿಕಿತ್ಸೆ ಮಾಡದಿದ್ದರೆ ಕೂಸು ಕುರುಡಾಗಬಹುದು. ಅದನ್ನು ಗುರುತಿಸಬಲ್ಲ ತಜ್ಞರು ರಾಜ್ಯದಲ್ಲಿ ಬೆರಳೆಣಿಕೆಯಷ್ಟು. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿಣೇಕರ್ ತಂಡ 2008ರಲ್ಲಿ ಕಿಡ್‌ರಾಪ್ ಎಂಬ ಕಾರ್ಯಕ್ರಮ ಆರಂಭಿಸಿತು. ವೈದ್ಯರಲ್ಲದ ತಂತ್ರಜ್ಞರು ಕ್ಯಾಮೆರಾ ಹೊತ್ತು ಊರೂರಿನ ನವಜಾತ ಶಿಶು ಘಟಕಗಳಿಗೆ ಹೋಗಿ ಕೂಸಿನ ಕಣ್ಣಿನ ಒಳಭಾಗದ ಚಿತ್ರ ತೆಗೆದರು, ತುರ್ತು ಯಾವುದು ಅಲ್ಲದ್ದು ಯಾವುದು ಎಂದು ಅಲ್ಲೇ ವಿಂಗಡಿಸಿದರು. ದೂರದಲ್ಲಿದ್ದ ತಜ್ಞರು ಚಿತ್ರ ನೋಡಿ ನಿರ್ಧಾರ ಹೇಳಿದರು. ಕಾರ್ಯಕ್ರಮ ಮುಂದೆ ಉತ್ತರ ಕರ್ನಾಟಕದ ಜಿಲ್ಲೆಗಳಿಗೂ ಬಂತು. ಎರಡು ಕಿಲೋ ತೂಗದ ಕೂಸಿನ ರೆಪ್ಪೆ ಬಿಡಿಸಿ ಕಣ್ಣಿಗೆ ಕ್ಯಾಮೆರಾ ತಾಗಿಸುವುದು ಮುದುಕನ ಕಣ್ಣಿಗೆ ಸೂಜಿ ಹಾಕುವುದಕ್ಕಿಂತ ಸುಲಭದ ಕೆಲಸವೇನಲ್ಲ.

ಕಿಡ್‌ರಾಪ್ ಕಲಿಸಿದ ಮುಖ್ಯ ಸಂಗತಿ, ಕೈಯ ಕೆಲಸವನ್ನೂ ತೀರ್ಮಾನದ ಕೆಲಸವನ್ನೂ ಬೇರೆ ಮಾಡಬಹುದು ಎಂಬುದು. ಸೂಜಿಯ ಚಿಕಿತ್ಸೆಗೂ ಇದೇ ಸಲ್ಲುತ್ತದೆ. ಯಾವ ಕಣ್ಣಿಗೆ, ಯಾವ ಔಷಧ, ಯಾವಾಗ, ಎಷ್ಟು ಸಲ, ಯಾವಾಗ ನಿಲ್ಲಿಸಬೇಕು, ಲೇಸರ್ ಬೇಕೇ, ಇತ್ತೀಚೆಗೆ ಪಾರ್ಶ್ವವಾಯು ಆದವನಿಗೆ ಈಗ ಹಾಕಬಹುದೇ ಎನ್ನುವುದೆಲ್ಲ ವೈದ್ಯರ ತಿಳಿವಳಿಕೆ ಬೇಡುವ ಪ್ರಶ್ನೆಗಳು. ಅವು ವೈದ್ಯರ ಬಳಿಯೇ ಉಳಿಯಬೇಕು. ತೀರ್ಮಾನವಾದ ಮೇಲೆ ಬರೆದಿಟ್ಟಂತೆ ಮಾಡುವ ಸೂಜಿ ಕೈಗೆ ಅಭ್ಯಾಸ ಬೇಡುತ್ತದೆ, ಕ್ರಮಕ್ಕೆ ನಿಷ್ಠೆ ಬೇಡುತ್ತದೆ. ಹಳ್ಳಿಗಳಲ್ಲಿ ಗರ್ಭನಿರೋಧಕ ವಂಕಿ ಹಾಕುವುದು ಕಿರಿಯ ಆರೋಗ್ಯ ಸಹಾಯಕಿಯರ ಕೈಗೆ ಬಂದಿದ್ದು, ಕೋವಿಡ್ ಲಸಿಕೆಯನ್ನು ಕೋಟಿಗಟ್ಟಲೆ ತೋಳುಗಳಿಗೆ ದಾದಿಯರು ಹಾಕಿದ್ದು, 2018ರಿಂದ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಲ್ಲಿ ನರ್ಸಿಂಗ್ ಓದಿದವರು ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ಕೂತಿದ್ದು ಇದೇ ತತ್ವದ ಮೇಲೆ. ರಕ್ತದೊತ್ತಡ ಅಳೆಯುವುದೂ ಒಂದು ಕಾಲಕ್ಕೆ ವೈದ್ಯರಿಗೆ ಮಾತ್ರ ಮೀಸಲಾಗಿತ್ತು ಎಂಬುದು ಈಗ ಯಾರಿಗೂ ನೆನಪಿಲ್ಲ.

ಆಕ್ಷೇಪಗಳಲ್ಲಿ ಅತ್ಯಂತ ತೂಕದ್ದು ಸೋಂಕು. ಸೂಜಿಯೊಂದಿಗೆ ಒಳಹೋದ ಒಂದು ಬ್ಯಾಕ್ಟೀರಿಯಾ ಎರಡು ಮೂರು ದಿನದಲ್ಲಿ ಇಡೀ ಕಣ್ಣನ್ನು ಕೀವಾಗಿಸಬಲ್ಲದು. ನೋವು ಏರುತ್ತದೆ, ಕಣ್ಣು ಕೆಂಪಾಗುತ್ತದೆ, ನೋಟ ದಿನದಿನಕ್ಕೆ ಇಳಿಯುತ್ತದೆ. ಆಗ ಬೇಕಾದದ್ದು ಕಣ್ಣೊಳಗಿನಿಂದ ಮಾದರಿ ತೆಗೆದು, ಕಣ್ಣೊಳಗೇ ಪ್ರತಿಜೀವಕ ಹಾಕುವ ಚಿಕಿತ್ಸೆ, ಅದೂ ಕೆಲವೇ ಗಂಟೆಗಳಲ್ಲಿ. ಅದು ದಾದಿಯಿಂದ ಆಗುವ ಕೆಲಸವಲ್ಲ. ಆದ್ದರಿಂದ ಸೂಜಿ ಹಾಕಿದ ದಿನಕ್ಕಿಂತ ಮೂರನೆಯ ದಿನ ಮುಖ್ಯ. ಮೂರನೆಯ ದಿನ ರಾತ್ರಿ ಬೀಳಗಿಯ ಹಳ್ಳಿಯೊಂದರಲ್ಲಿ ಕಣ್ಣು ಸಿಡಿಯುತ್ತಿರುವ ರೋಗಿ ಯಾರಿಗೆ ಫೋನ್ ಮಾಡಬೇಕು? ಈಗಿನ ಸ್ಥಿತಿಯಲ್ಲಿ ದೂರದ ಊರಿನ ಆಸ್ಪತ್ರೆಗೆ ಹೊರಡುವುದು ಬೆಳಗಾದ ಮೇಲೆ. ಅಷ್ಟರೊಳಗೆ ಎದೆಹಾಲು, ಹರಳೆಣ್ಣೆಯ ಹನಿ ಕಣ್ಣಿಗೆ ಬಿದ್ದಿರುತ್ತದೆ. ಸೂಜಿ ಹಾಕಿದ ಸಿಸ್ಟರ್ ತಾಲ್ಲೂಕು ಆಸ್ಪತ್ರೆಯಲ್ಲೇ ಇದ್ದು, ಎರಡನೆಯ ದಿನ ಮೂರನೆಯ ದಿನ ತಾನೇ ಫೋನ್ ಮಾಡಿ ‘ನೋವೈತೇನ್ರಿ, ನಿನ್ನಿಗಿಂತ ಮಬ್ಬ ಕಾಣತೈತೇನ್ರಿ’ ಎಂದು ಕೇಳಿದರೆ ಸೋಂಕು ಬೇಗ ಸಿಕ್ಕಿಬೀಳುತ್ತದೆ. ದಾದಿ ಹತ್ತಿರವಿರುವುದು ಅಪಾಯವನ್ನು ಹೆಚ್ಚಿಸುತ್ತದೆ ಎಂಬ ಭಯಕ್ಕಿಂತ, ಹತ್ತಿರ ಯಾರೂ ಇಲ್ಲದಿರುವ ಇಂದಿನ ಸ್ಥಿತಿಯೇ ಹೆಚ್ಚು ಭಯಪಡಬೇಕಾದದ್ದು. ಆದರೆ ಒಂದು ಷರತ್ತಿದೆ. ಆ ಕರೆಯ ಇನ್ನೊಂದು ತುದಿಯಲ್ಲಿ ರಾತ್ರಿಯೂ ಎತ್ತುವ ತಜ್ಞರಿರಬೇಕು, ರೋಗಿಯನ್ನು ಒಯ್ಯಲು ವಾಹನವಿರಬೇಕು. ಇವೆರಡೂ ಇಲ್ಲದ ಕಡೆ ವೈದ್ಯರೇ ಬಂದು ಸೂಜಿ ಹಾಕಿ ಹೋದರೂ ಅದು ಸುರಕ್ಷಿತವಲ್ಲ.

ಸೋಂಕು ಬರುವ ಇನ್ನೊಂದು ಬಾಗಿಲು ಔಷಧದ ಸೀಸೆ. ಬೆವಾಸಿಜುಮಾಬ್ ಬರುವುದು ಕ್ಯಾನ್ಸರಿನ ಅಳತೆಯಲ್ಲಿ, 4 ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ. ಒಂದು ಕಣ್ಣಿಗೆ ಬೇಕಾದದ್ದು 1.25 ಮಿಲಿಗ್ರಾಂ. ಅಗ್ಗವಾಗುವುದೇ ಒಂದು ಸೀಸೆಯನ್ನು ಹಲವು ಸಿರಿಂಜುಗಳಿಗೆ ಹಂಚಿದಾಗ. ಹಂಚುವಾಗ ಶುದ್ಧಿ ತಪ್ಪಿದರೆ ಒಂದೇ ದಿನ ಹತ್ತಾರು ಕಣ್ಣು ಅಪಾಯಕ್ಕೆ ಬೀಳುತ್ತವೆ. ಗುಜರಾತಿನಲ್ಲಿ ಈ ಔಷಧ ಹಾಕಿಸಿಕೊಂಡ ಹಲವರ ಕಣ್ಣಿಗೆ ತೊಂದರೆಯಾದ ಮೇಲೆ 2016ರ ಜನವರಿಯಲ್ಲಿ ಕೇಂದ್ರದ ಔಷಧ ನಿಯಂತ್ರಕರು ಈ ಔಷಧವನ್ನು ಕಣ್ಣಿಗೆ ಬಳಸದಂತೆ ಎಚ್ಚರಿಕೆ ಹೊರಡಿಸಿದ್ದರು, ವೈದ್ಯರ ಮನವಿಯ ನಂತರ ಮಾರ್ಚಿನಲ್ಲಿ ಅದನ್ನು ಹಿಂತೆಗೆದರು. ಇಲ್ಲಿ ಪಾಠ ಸೂಜಿ ಹಿಡಿದವರ ಪದವಿಯ ಬಗ್ಗೆ ಅಲ್ಲ, ಸೀಸೆ ಒಡೆಯುವ ಕೋಣೆಯ ಬಗ್ಗೆ. ತಾಲ್ಲೂಕು ಆಸ್ಪತ್ರೆಯಲ್ಲಿ ಸೀಸೆ ಹಂಚುವ ಕೆಲಸ ಬೇಡವೇ ಬೇಡ. ದೊಡ್ಡ ಆಸ್ಪತ್ರೆಯ ಔಷಧಾಲಯದಲ್ಲಿ ಹಂಚಿ ಮೊಹರು ಮಾಡಿದ ಸಿರಿಂಜು ಶೀತಪೆಟ್ಟಿಗೆಯಲ್ಲಿ ಬರಲಿ, ಇಲ್ಲವೇ ಒಂದೇ ಬಳಕೆಯ ಸೀಸೆಯ ದೇಶೀ ರಾನಿಬಿಜುಮಾಬ್ ಬರಲಿ. ಲಸಿಕೆಯ ಶೀತಪೆಟ್ಟಿಗೆ ಹಳ್ಳಿಹಳ್ಳಿಗೆ ತಲುಪುವ ರಾಜ್ಯದಲ್ಲಿ ಇದು ಆಗದ ಮಾತಲ್ಲ.

ಕಾನೂನಿನ ತೊಡಕು ನಿಜವಾದದ್ದು. ವೈದ್ಯರ ಆದೇಶದಂತೆ ಇಂಜೆಕ್ಷನ್ ಕೊಡುವುದು ದಾದಿಯ ಕೆಲಸ ಎಂಬುದರಲ್ಲಿ ವಿವಾದವಿಲ್ಲ. ಆದರೆ ಕಣ್ಣೊಳಗಿನ ಸೂಜಿ ಇಂಜೆಕ್ಷನ್ನೋ ಶಸ್ತ್ರಕ್ರಿಯೆಯೋ ಎಂಬುದನ್ನು ಯಾರೂ ಇತ್ಯರ್ಥ ಮಾಡಿಲ್ಲ. ನೋಂದಣಿಯಿಲ್ಲದೆ ವೈದ್ಯವೃತ್ತಿ ಮಾಡಿದವರಿಗೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆ ಒಂದು ವರ್ಷದವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ. ಹೋಮಿಯೋಪಥಿ ಓದಿದವರು ಅಲೋಪಥಿ ಔಷಧ ಕೊಟ್ಟ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟು, ತನ್ನ ವಿದ್ಯೆಯ ಎಲ್ಲೆ ಮೀರಿ ಚಿಕಿತ್ಸೆ ಮಾಡುವುದೇ ನಿರ್ಲಕ್ಷ್ಯ, ಬೇರೆ ಪುರಾವೆ ಬೇಕಿಲ್ಲ ಎಂದಿತು. ಏನಾದರೂ ಹೆಚ್ಚುಕಡಿಮೆಯಾದರೆ ದಾದಿಯ ಮೇಲೆ ಈ ತೀರ್ಪನ್ನು ಎತ್ತಿ ಹಿಡಿಯುವವರು ಇದ್ದೇ ಇರುತ್ತಾರೆ. ಹಾಗಾಗಿ ಯಾವುದೋ ವೈದ್ಯರು ಬಾಯಿಮಾತಿನಲ್ಲಿ ‘ಹಾಕ್ರಿ, ನಾ ಅದೀನಿ’ ಎಂದ ಮಾತ್ರಕ್ಕೆ ಯಾವ ದಾದಿಯೂ ಈ ಸೂಜಿ ಹಿಡಿಯಬಾರದು. ನರ್ಸಿಂಗ್ ಪರಿಷತ್ತನ್ನು ಬದಲಿಸುವ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆ 2023ರಲ್ಲಿ ಬಂದಿದೆ. ಇಂಥ ವಿಶೇಷ ಕೌಶಲಗಳಿಗೆ ತರಬೇತಿ, ಪರೀಕ್ಷೆ, ಪ್ರಮಾಣಪತ್ರ ನಿಗದಿ ಮಾಡಲು ತಕ್ಕ ಜಾಗ ಅದೇ.

ಗೆರೆ ಸಡಿಲಿಸಿದರೆ ನಕಲಿ ವೈದ್ಯರು ಅದೇ ದಾರಿಯಲ್ಲಿ ನುಗ್ಗುತ್ತಾರೆ ಎಂಬ ಆತಂಕವೂ ಈ ಭಾಗದಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಮೈಕೈ ನೋವಿಗೂ ಸೂಜಿ ಮಾಡಿಸಿಕೊಂಡರೇ ಸಮಾಧಾನ ಎನ್ನುವ ಜನ, ಸೂಜಿ ಮಾಡಲು ಸದಾ ಸಿದ್ಧರಿರುವ ಪದವಿಯಿಲ್ಲದ ‘ಡಾಕ್ಟರು’ ಇಬ್ಬರೂ ಇಲ್ಲಿದ್ದಾರೆ. ಇದಕ್ಕೆ ಉತ್ತರ ಅನುಮತಿಯ ಸ್ವರೂಪದಲ್ಲಿದೆ. ಅದು ನರ್ಸಿಂಗ್ ಓದಿದವರೆಲ್ಲರಿಗೂ ಸಿಗುವ ಸಾಮಾನ್ಯ ಪರವಾನಗಿಯಾಗಬಾರದು. ಇಂಥ ಆಸ್ಪತ್ರೆಯಲ್ಲಿ, ಇಂಥ ವೈದ್ಯರ ಹೊಣೆಯಲ್ಲಿ, ಇಂಥ ಹೆಸರಿನ ದಾದಿ ಎಂದು ಬರೆದು, ವರ್ಷಕ್ಕೊಮ್ಮೆ ಆಕೆಯ ಸೂಜಿಗಳ ಫಲಿತಾಂಶ ನೋಡಿ ನವೀಕರಿಸುವ ಪತ್ರವಾಗಬೇಕು. ಆಸ್ಪತ್ರೆಯ ಹೊಸ್ತಿಲು ದಾಟಿದ ಕೂಡಲೇ ಆ ಪತ್ರಕ್ಕೆ ಬೆಲೆಯಿಲ್ಲ.

ದಾದಿಯರ ಕಡೆಯಿಂದ ನೋಡಿದರೆ ಬೇರೆಯೇ ಪ್ರಶ್ನೆಗಳು ಏಳುತ್ತವೆ. ಈ ಚರ್ಚೆಯಲ್ಲಿ ಅವುಗಳನ್ನು ಕೇಳುವವರು ಕಡಿಮೆ. ಸರ್ಕಾರಿ ಆಸ್ಪತ್ರೆಯ ಶುಶ್ರೂಷಾಧಿಕಾರಿ ಈಗಲೇ ವಾರ್ಡು, ಹೆರಿಗೆ ಕೋಣೆ, ದಾಖಲೆ ಪುಸ್ತಕಗಳ ನಡುವೆ ಓಡಾಡುತ್ತಾರೆ. ಗುತ್ತಿಗೆಯ ಮೇಲಿರುವವರ ಸಂಬಳ ಖಾಯಂ ನೌಕರರದಕ್ಕೆ ಸಮವಲ್ಲ. ಹೊಣೆ ಹೆಚ್ಚಿಸಿ ಸಂಬಳ ಹೆಚ್ಚಿಸದಿದ್ದರೆ ಅದು ಕೌಶಲಕ್ಕೆ ಕೊಟ್ಟ ಗೌರವವಲ್ಲ, ಅಗ್ಗದ ದುಡಿಮೆ. ಅದಕ್ಕಿಂತ ಕೆಡುಕಿನ ಸಂಗತಿ ವರ್ಗಾವಣೆ. ಆಡಿನ ಕಣ್ಣುಗಳ ಮೇಲೆ ಅಭ್ಯಾಸ ಮಾಡಿ, ಆಮೇಲೆ ವೈದ್ಯರ ಕಣ್ಣೆದುರು ಹತ್ತಾರು ಸೂಜಿ ಹಾಕಿ ಪಳಗಿದ ದಾದಿಯನ್ನು ಮರುವರ್ಷ ಬೇರೆ ತಾಲ್ಲೂಕಿನ ಹೆರಿಗೆ ವಾರ್ಡಿಗೆ ಹಾಕಿದರೆ ಕಲಿಸಿದ್ದೆಲ್ಲ ಮಣ್ಣುಪಾಲು. ಸೂಜಿ ವಾರವಾರ ಹಾಕುತ್ತಿದ್ದರೆ ಮಾತ್ರ ಕೈ ಹದದಲ್ಲಿರುತ್ತದೆ. ಬೇಡವೆನಿಸಿದ ದಿನ ಬೇಡವೆನ್ನುವ ಹಕ್ಕೂ ದಾದಿಗೆ ಇರಬೇಕು. ಕಣ್ಣು ಕೆಂಪಗಿದೆ, ರೆಪ್ಪೆಯಲ್ಲಿ ಕುರುವಿದೆ, ರೋಗಿ ತಲೆ ನಿಲ್ಲಿಸುತ್ತಿಲ್ಲ ಎಂದು ಕಂಡಾಗ ಸೂಜಿ ಕೆಳಗಿಟ್ಟು ವೈದ್ಯರಿಗೆ ಫೋನ್ ಮಾಡಿದವಳನ್ನು ಬೈಯುವ ಆಸ್ಪತ್ರೆಗೆ ಈ ಯೋಜನೆ ತಕ್ಕದ್ದಲ್ಲ.

ರೋಗಿಯ ಒಪ್ಪಿಗೆಯ ವಿಷಯ ಬೇಗ ಮುಗಿಯುವಂಥದು, ಆದರೆ ಬಿಟ್ಟುಬಿಡುವಂಥದಲ್ಲ. ಒಂದು ಕ್ರಿಯೆಗೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಒಪ್ಪಿಗೆಯಾಗದು ಎಂದು ಸುಪ್ರೀಂ ಕೋರ್ಟು 2008ರಲ್ಲಿ ಹೇಳಿದೆ. ಸೂಜಿ ಹಾಕುವವರು ವೈದ್ಯರಲ್ಲ, ತರಬೇತಾದ ದಾದಿ ಎಂಬುದನ್ನು ಕಾಗದದಲ್ಲಿ ಬರೆದರೆ ಸಾಲದು, ಬಾಯಿಬಿಟ್ಟು ಹೇಳಬೇಕು. ‘ದೊಡ್ಡ ಡಾಕ್ಟ್ರೇ ಮಾಡಲಿ’ ಎಂದವರಿಗೆ ಆ ದಾರಿ ತೆರೆದಿರಬೇಕು. ಎರಡು ಸಲ ಸಿಸ್ಟರ್ ಕೈಯಲ್ಲಿ ಸೂಜಿ ಹಾಕಿಸಿಕೊಂಡ ಮೇಲೆ ಹೆಚ್ಚಿನವರು ಆ ಮಾತು ಆಡಲಾರರು ಎಂದು ನಂಬಲು ಕಾರಣವಿದೆ: ಅಳುಕು ಹೋಗಲಾಡಿಸುವುದು ತಮ್ಮ ಮಾತಿನಲ್ಲೇ ಮಾತಾಡುವ, ಪ್ರತಿ ಸಲವೂ ಅದೇ ಮುಖವಾಗಿರುವ ಮನುಷ್ಯರು.

ಇದನ್ನು ನಾಳೆಯೇ ಬೀಳಗಿಯಲ್ಲಿ ಆರಂಭಿಸಲಾಗದು. ಅಕ್ಷಿಪಟಲದ ಊತವನ್ನು ಪದರಪದರವಾಗಿ ತೋರಿಸುವ ಓಸಿಟಿ ಯಂತ್ರವಿಲ್ಲದೆ ಮುಂದಿನ ಸೂಜಿ ಬೇಕೋ ಬೇಡವೋ ಹೇಳುವುದು ಕಷ್ಟ. ಆ ಯಂತ್ರ ದುಬಾರಿ. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮಾತು ಈಗ ಬೇಡ. ಮೊದಲ ಹೆಜ್ಜೆ ಅಕ್ಷಿಪಟಲದ ತಜ್ಞರು ಇರುವ ಕಡೆಯೇ ಆಗಬೇಕು: ಹುಬ್ಬಳ್ಳಿ, ಬೆಳಗಾವಿ, ವಿಜಯಪುರದ ಬೋಧನಾ ಆಸ್ಪತ್ರೆಗಳಲ್ಲಿ, ತಜ್ಞರು ಪಕ್ಕದ ಕೋಣೆಯಲ್ಲಿ ಇರುವಾಗ ದಾದಿಯರು ಸೂಜಿ ಹಾಕಲಿ. ಅಲ್ಲಿ ಒಂದೆರಡು ವರ್ಷದ ಪ್ರತಿ ಸೂಜಿಯ ಲೆಕ್ಕ ಬಹಿರಂಗವಾಗಲಿ, ಕೆಟ್ಟ ಕಣ್ಣುಗಳ ಲೆಕ್ಕವೂ ಸೇರಿ. ಎರಡನೆಯ ಹೆಜ್ಜೆಗೆ ಜಮಖಂಡಿಯಂಥ ದೊಡ್ಡ ಊರಿನ ಆಸ್ಪತ್ರೆಯಲ್ಲಿ ನಾಲ್ಕು ತಾಲ್ಲೂಕುಗಳಿಗೂ ಸೇರಿ ಒಂದು ಯಂತ್ರ, ಒಂದು ಶುದ್ಧ ಕೋಣೆ, ವರ್ಗಾವಣೆಯಿಲ್ಲದ ಇಬ್ಬರು ದಾದಿಯರು ಸಾಕು. ಇಬ್ಬರೇಕೆಂದರೆ ಒಬ್ಬರು ರಜೆ ಹೋದ ವಾರವೂ ಸೂಜಿ ತಪ್ಪಬಾರದು. ಮೊದಲ ಸೂಜಿಗೆ ರೋಗಿ ತಜ್ಞರ ಬಳಿಗೇ ಹೋಗಿ ಬರಲಿ. ಆಮೇಲಿನವು ಇಲ್ಲಿ ನಡೆಯಲಿ, ಓಸಿಟಿಯ ಚಿತ್ರ ತಜ್ಞರ ಮೊಬೈಲಿಗೆ ಹೋಗಲಿ. ಮೂರು ಸೂಜಿಗೊಮ್ಮೆ ತಜ್ಞರು ಮುಖತಃ ನೋಡಲಿ. ಹೀಗಾದರೆ ವರ್ಷದ ಹತ್ತು ದೂರದ ಪ್ರಯಾಣ ನಾಲ್ಕಕ್ಕೆ ಇಳಿಯುತ್ತದೆ. ಉಳಿದ ಆರು ಸಲ ಬೆಳಿಗ್ಗೆ ಬಸ್ಸು ಹತ್ತಿದವರು ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತಾರೆ, ಜೊತೆಗೆ ಬಂದ ಮಗ ಅರ್ಧ ದಿನವಾದರೂ ಕಬ್ಬಿನ ಗದ್ದೆಗೆ ಮರಳಬಹುದು.